ದಣಿದ ಸಂಕೇತದ ತಂಗುದಾಣ

ಗೋಡೆಗಳನ್ನು ದಾಟುವಷ್ಟರಲ್ಲಿ ಕ್ಷೀಣಿಸಿದ ವೈಫೈ ಅಲೆಯನ್ನು ಹಿಡಿದು ಹಿತ್ತಿಲ ಕೋಣೆಗೆ ಮುಟ್ಟಿಸುವ ಪುಟ್ಟ ರಿಪೀಟರಿನ ವಂಶಮೂಲವನ್ನು ಅರಸಹೊರಟವನು ತಂತಿವಾರ್ತೆಯ ಆದಿಕಾಲವನ್ನೇ ಸೇರಬೇಕಾಗುತ್ತದೆ. ತಂತಿ ನೀಳವಾದಷ್ಟೂ ವಿದ್ಯುತ್ಪ್ರವಾಹ ಸೊರಗುತ್ತಿದ್ದಿತು. ಅಮೆರಿಕದ ಭೌತವಿಜ್ಞಾನಿ ಜೋಸೆಫ್ ಹೆನ್ರಿ 1835ರ ಸುಮಾರಿಗೆ ಕಂಡುಕೊಂಡ ಉಪಾಯವು ನನ್ನ ಎಣಿಕೆಯಲ್ಲಿ ಆ ಶತಮಾನದ ಅತಿ ಸುಂದರ ಕಲ್ಪನೆಗಳಲ್ಲೊಂದು: ದೂರದಿಂದ ಬಂದ ಬಡಪ್ರವಾಹಕ್ಕೆ ಭಾರದ ಕೆಲಸವನ್ನು ವಹಿಸದೆ, ಸುರುಳಿಯೊಳಗಿನ ಕಬ್ಬಿಣವನ್ನು ಕ್ಷಣಕಾಲ ಅಯಸ್ಕಾಂತವಾಗಿಸಿ ಹಗುರವಾದ ಲೋಹದ ತುಂಡೊಂದನ್ನು ಟಕ್ಕೆಂದು ಸೆಳೆಯುವಷ್ಟನ್ನೇ ಅದರಿಂದ ಬೇಡುವುದು, ಆ ತುಂಡು ಅಲುಗಿದೊಡನೆ ಪಕ್ಕದ ಬ್ಯಾಟರಿಯ ಹೊಸ ಪ್ರವಾಹವು ಉಳಿದ ಕೆಲಸವನ್ನು ವಹಿಸಿಕೊಳ್ಳುವುದು. 1844ರಲ್ಲಿ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ವಾರ್ತೆ ಕಳುಹಿದ ಮೋರ್ಸನೂ ಇದನ್ನೇ ನಂಬಿದನು. ಅದಕ್ಕೆ ಸಂದ ರಿಲೇ ಎಂಬ ಹೆಸರು ಅಂಚೆಯ ದಾರಿಯಲ್ಲಿ ಕುದುರೆ ಬದಲಿಸುವ ಪದ್ಧತಿಯಿಂದ ಬಂದುದು.

ದೂರವಾಣಿಯ ಕಷ್ಟವೇ ಬೇರೆ: ಸತತವಾಗಿ ಏರಿಳಿಯುವ ದನಿಯನ್ನು ಟಕ್ಕೆನ್ನುವ ರಿಲೇಯಿಂದ ದಾಟಿಸಲಾಗದು, ಇದ್ದಂತೆಯೇ ಹಿಗ್ಗಿಸಬೇಕು. ನ್ಯೂಯಾರ್ಕಿನ ಮಾತನ್ನು 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ತಲುಪಿಸಿದ ನಿರ್ವಾತ ನಳಿಕೆಗಳು ದನಿಯೊಂದಿಗೆ ಗದ್ದಲವನ್ನೂ ಹಿಗ್ಗಿಸುತ್ತಿದ್ದುವು.

ನಮ್ಮ ಮನೆಯ ರಿಪೀಟರು ಸ್ವಭಾವದಲ್ಲಿ ಹೆನ್ರಿಯ ಕಡೆಯದು. ಕೇಳಿದುದನ್ನು ಗದ್ದಲದಿಂದ ಬಿಡಿಸಿ, ತಪ್ಪು ನುಸುಳಿಲ್ಲವೆಂದು ಪರೀಕ್ಷಿಸಿ, ಅಚ್ಚಳಿಯದಂತೆ ಮರಳಿ ನುಡಿಯುತ್ತದೆ. ಒಂದೇ ಚಾನೆಲ್ಲಿನಲ್ಲಿ ಮೊದಲು ಕೇಳಿ ಆಮೇಲೆ ನುಡಿಯಬೇಕಾದುದರಿಂದ ವೇಗವು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ತನಗೆ ಕೇಳಿಸದುದನ್ನು ಅದು ಮರಳಿ ನುಡಿಯಲಾರದಾದುದರಿಂದ ಅದನ್ನು ಅಲೆ ಸತ್ತ ಮೂಲೆಯಲ್ಲಿಡದೆ, ಅಲೆ ಇನ್ನೂ ಗಟ್ಟಿಯಾಗಿರುವ ನಡುಮನೆಯಲ್ಲಿಯೇ ಇರಿಸಬೇಕು.