ಯಂತ್ರಕ್ಕಿಂತ ಮೊದಲು ಒಂದು ಕರೆ

ಸ್ತನ ಕ್ಯಾನ್ಸರ್ ತಪಾಸಣೆ ಎಂದೊಡನೆ ನಮಗೆ ನೆನಪಾಗುವುದು ಮ್ಯಾಮೋಗ್ರಫಿ ಯಂತ್ರ. ಆದರೆ ಇದರ ಇತಿಹಾಸ ಓದುತ್ತಾ ಹೋದಾಗ, ಐಟಿ ಕ್ಷೇತ್ರದಲ್ಲಿ ದಿನವೂ ಅಂಕಿ ಅಂಶಗಳ ನಡುವೆ ಇರುವ ನನ್ನನ್ನು ಸೆಳೆದದ್ದು ಬೇರೆಯೇ ಪ್ರಶ್ನೆ: ಮಹಿಳೆಯರನ್ನು ತಪಾಸಣೆಗೆ ಕರೆದವರು ಯಾರು, ಹೇಗೆ ಕರೆದರು?

ಮೊದಲ ದೊಡ್ಡ ಪ್ರಯೋಗ ಆರಂಭವಾದದ್ದು ನ್ಯೂಯಾರ್ಕಿನಲ್ಲಿ, 1963ರ ಡಿಸೆಂಬರಿನಲ್ಲಿ. ಆರೋಗ್ಯ ವಿಮಾ ಯೋಜನೆಯೊಂದರ ಸದಸ್ಯರಾಗಿದ್ದ, 40ರಿಂದ 64 ವರ್ಷದ ಸುಮಾರು 62,000 ಮಹಿಳೆಯರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಮ್ಯಾಮೋಗ್ರಫಿ ಮತ್ತು ವೈದ್ಯರು ಕೈಯಿಂದ ಮಾಡುವ ಪರೀಕ್ಷೆಗೆ ಆಹ್ವಾನ. ಇನ್ನೊಂದಕ್ಕೆ ಎಂದಿನ ವೈದ್ಯಕೀಯ ಸೇವೆ. ಮುಂದಾಳುಗಳಲ್ಲಿ ಒಬ್ಬರಾದ ಡಾ. ಫಿಲಿಪ್ ಸ್ಟ್ರಾಕ್ಸ್ ಅವರ ಪತ್ನಿ ಚಿಕ್ಕ ವಯಸ್ಸಿನಲ್ಲೇ ಇದೇ ಕಾಯಿಲೆಯಿಂದ ತೀರಿಕೊಂಡಿದ್ದರು.

ಆಹ್ವಾನ ಪಡೆದವರಲ್ಲಿ ಸುಮಾರು ಮೂರನೇ ಒಂದು ಭಾಗ ಬರಲೇ ಇಲ್ಲ. ಸಂಶೋಧಕರು ಅವರನ್ನು ಲೆಕ್ಕದಿಂದ ಕೈಬಿಡಲಿಲ್ಲ. ಅವರೇಕೆ ಹಿಂಜರಿದರು ಎಂಬುದನ್ನೂ ಅಧ್ಯಯನ ಮಾಡಿದರು. ಬಾರದವರನ್ನೂ ಸೇರಿಸಿಯೇ ನೋಡಿದಾಗ, 10 ವರ್ಷಗಳ ಬಳಿಕ ಆಹ್ವಾನಿತ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಸಾವುಗಳು ಸುಮಾರು ಶೇ. 30ರಷ್ಟು ಕಡಿಮೆಯಾಗಿದ್ದವು.

1988ರಲ್ಲಿ ಬ್ರಿಟನ್ ಕರೆಯುವ ಕೆಲಸವನ್ನೇ ವ್ಯವಸ್ಥೆಯಾಗಿಸಿತು. ಕುಟುಂಬ ವೈದ್ಯರ ಬಳಿ ನೋಂದಾಯಿತರಾದವರ ಪಟ್ಟಿಯಿಂದ ಹೆಸರು ತೆಗೆದು, 50ರಿಂದ 64 ವರ್ಷದವರಿಗೆ ಮೂರು ವರ್ಷಕ್ಕೊಮ್ಮೆ ಪತ್ರ ಕಳುಹಿಸತೊಡಗಿತು.

ನಮ್ಮ ದೇಶದಲ್ಲಿ ಅಂಥ ಪಟ್ಟಿಯೂ ಇರಲಿಲ್ಲ, ಅಷ್ಟು ಯಂತ್ರಗಳೂ ಇರಲಿಲ್ಲ. 1998ರಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ಇಂದ್ರನೀಲ್ ಮಿತ್ರಾ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ತರಬೇತಿ ಪಡೆದ ಪ್ರಾಥಮಿಕ ಆರೋಗ್ಯ ಕಾರ್ಯಕರ್ತೆಯರು ನಗರದ ಬಡ ಬಡಾವಣೆಗಳ ಮಹಿಳೆಯರಿಗೆ ಕಾಯಿಲೆಯ ಬಗ್ಗೆ ತಿಳಿಹೇಳಿ, ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದರು. 35ರಿಂದ 64 ವರ್ಷದ 1,51,538 ಮಹಿಳೆಯರು ಈ ಅಧ್ಯಯನದಲ್ಲಿದ್ದರು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ತಪಾಸಣೆಯ ಗುಂಪಿನವರು.

2021ರಲ್ಲಿ ಪ್ರಕಟವಾದ ಫಲಿತಾಂಶವನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ತಪಾಸಣೆಯ ಗುಂಪಿನಲ್ಲಿ ಮೂರನೇ ಅಥವಾ ನಾಲ್ಕನೇ ಹಂತದಲ್ಲಿ ಪತ್ತೆಯಾದ ಕ್ಯಾನ್ಸರ್ ಶೇ. 37, ಇನ್ನೊಂದು ಗುಂಪಿನಲ್ಲಿ ಶೇ. 47. ಒಟ್ಟಾರೆ ಸಾವಿನ ಪ್ರಮಾಣ ಶೇ. 15ರಷ್ಟು ಇಳಿದಂತೆ ಕಂಡರೂ ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಅದು ಖಚಿತವಲ್ಲ. 50 ದಾಟಿದವರಲ್ಲಿ ಮಾತ್ರ ಸುಮಾರು ಶೇ. 30ರ ಸ್ಪಷ್ಟ ಇಳಿಕೆ ಇತ್ತು. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಲಾಭ ಕಾಣಲಿಲ್ಲ.

2016ರಲ್ಲಿ ಕೇಂದ್ರ ಸರ್ಕಾರದ ಮಾರ್ಗಸೂಚಿಯೂ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಕೈಯಿಂದ ಮಾಡುವ ಪರೀಕ್ಷೆಯನ್ನೇ ಸೂಚಿಸಿತು. ಇಂದು ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. ಆದರೂ "ನೋವಿಲ್ಲವಲ್ಲ, ಆಮೇಲೆ ನೋಡೋಣ" ಎನ್ನುವ ಮಾತು ನಮ್ಮ ನಡುವೆ ಇನ್ನೂ ಕೇಳಿಬರುತ್ತದೆ. ಆರಂಭದ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ಕಾಯುವುದರ ಅಪಾಯ ಇರುವುದೇ ಅಲ್ಲಿ.

ಅರಿಶಿನ ಕುಂಕುಮಕ್ಕೆ ಮನೆಮನೆಗೆ ಹೋಗಿ ಕರೆಯುವುದು ನಮಗೆ ರೂಢಿಯೇ. ಈ ವರ್ಷ ಹಾಗೆ ಕರೆಯಲು ಹೋದಾಗ, 50 ದಾಟಿದ ಅಕ್ಕ, ಅತ್ತೆ, ಚಿಕ್ಕಮ್ಮಂದಿರನ್ನು ಇನ್ನೊಂದು ಮಾತು ಕೇಳೋಣ: "ಡಾಕ್ಟರ ಹತ್ತಿರ ತೋರಿಸಿಕೊಂಡಿರಾ? ಇಲ್ಲದಿದ್ದರೆ ಬನ್ನಿ, ಜೊತೆಗೆ ನಾನೂ ಬರುತ್ತೇನೆ."