ಒಪ್ಪಿಗೆಯ ಕಬ್ಬು

ಬೆಲ್ಲದ ರೇಟು ಏರಿದ ವರ್ಷ ನಮ್ಮ ಮಂಡ್ಯ ಸೀಮೆಯಲ್ಲಿ ಒಂದು ಪ್ರಶ್ನೆ ಜಾಸ್ತಿ ಕೇಳಿಸುತ್ತದೆ: ‘ಒಪ್ಗೆ ಮಾಡ್ಸಿದ್ದೀಯೇನ್ಲಾ?’ ಇಷ್ಟು ಎಕರೆ ಕಬ್ಬು ನಿಮಗೇ ಎಂದು ಕಾರ್ಖಾನೆಯವರ ಹತ್ತಿರ ಬರೆಸಿ ಸಹಿ ಹಾಕುವುದಕ್ಕೆ ಇಲ್ಲಿ ಒಪ್ಪಿಗೆ ಎನ್ನುತ್ತಾರೆ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದು 1933ರಲ್ಲಿ. ಆಮೇಲೆ ಮದ್ದೂರು ತಾಲ್ಲೂಕಿನ ಕೊಪ್ಪ, ಕೆ.ಎಂ. ದೊಡ್ಡಿಯಲ್ಲೂ ಕಾರ್ಖಾನೆಗಳು ಬಂದವು. ಆಲೆಮನೆಯವರು ಟನ್ನಿಗೆ ನಾಲ್ಕು ಕಾಸು ಹೆಚ್ಚು ಕೊಡುತ್ತೇವೆಂದರೆ ಸಹಿ ಒಂದು ಕಡೆ, ಕಬ್ಬಿನ ಗಾಡಿ ಇನ್ನೊಂದು ಕಡೆ. ಕಾರ್ಖಾನೆಯವರು ಹೊತ್ತಿಗೆ ಕಟಾವು ಮಾಡಿಸದೆ, ಕಬ್ಬು ಒಣಗಿ ತೂಕ ಇಳಿಯುವ ತನಕ ಕಾಯಿಸಿದಾಗ ಹಾಗೆ ಹೋದ ರೈತನನ್ನು ನಾನು ದೂರಲಾರೆ. ಆದರೆ ಆ ಪದ ನನ್ನನ್ನು ಬಿಡುವುದಿಲ್ಲ. ನಾನು ಕ್ರೈಸ್ತಳು, ದಿನಾ ಪ್ರಾರ್ಥನೆಯಲ್ಲಿ ಅದೇ ಪದ ಬಳಸುತ್ತೇನೆ.

ಒಪ್ಪು ಎಂದರೆ ಹೊಂದುವುದು, ಚೆಂದ ಕಾಣುವುದು. ಸೀರೆ ಮೈಗೆ ಒಪ್ಪುತ್ತದೆ, ಹುಡುಗಿ ಗಂಡನ್ನು ಒಪ್ಪುತ್ತಾಳೆ. ಅದರ ಕೂಸು ಒಪ್ಪಿಸು. ಹುಡುಗರು ಮೇಷ್ಟ್ರಿಗೆ ಮಗ್ಗಿ ಒಪ್ಪಿಸುತ್ತಾರೆ. ಮಳವಳ್ಳಿ ಕಡೆಯವರು ಮುತ್ತತ್ತಿಗೆ ಹೋಗಿ ಹರಕೆ ಒಪ್ಪಿಸುತ್ತಾರೆ. ಕಳ್ಳನನ್ನು ಪೊಲೀಸರಿಗೆ ಒಪ್ಪಿಸುತ್ತಾರೆ. ಮದುವೆ ಮುಗಿದ ಮೇಲೆ ಹೆಣ್ಣಿನ ತಾಯಿ ಮಗಳ ಕೈಯನ್ನು ಬೀಗಿತ್ತಿಯ ಕೈಯಲ್ಲಿಟ್ಟು ಒಪ್ಪಿಸಿಕೊಡುವಾಗ ಅಳದವರನ್ನು ನಾನು ಕಂಡಿಲ್ಲ. ಒಪ್ಪಿಸಿಕೊಟ್ಟ ಮಗಳನ್ನು ಮತ್ತೆ ನೋಡುವುದು ನೆಂಟರ ಹಾಗೆ.

ಚರ್ಚಿನ ಕನ್ನಡದಲ್ಲಿ ಈ ಪದಕ್ಕೆ ಎರಡು ಮೆಟ್ಟಿಲು. ಮೊದಲು ತಪ್ಪು ಒಪ್ಪಿಕೊಳ್ಳಬೇಕು, ಆಮೇಲೆ ತನ್ನನ್ನು ಒಪ್ಪಿಸಿಕೊಡಬೇಕು. ಮೊದಲನೆಯದನ್ನು ಹಾರಿ ಎರಡನೆಯದಕ್ಕೆ ಹೋಗುವ ಭಕ್ತಿಯನ್ನು ನಾನು ನಂಬುವುದಿಲ್ಲ. ಕನ್ನಡ ಬೈಬಲಿನಲ್ಲಿ ಯೇಸುವನ್ನು ಕಟ್ಟಿ ಎಳೆದೊಯ್ದು ಪಿಲಾತನಿಗೆ ಒಪ್ಪಿಸುತ್ತಾರೆ. ಪಿಲಾತ ಜನರ ಮುಂದೆ ಕೈ ತೊಳೆದುಕೊಂಡು, ಶಿಲುಬೆಗೇರಿಸಲು ಒಪ್ಪಿಸಿಬಿಡುತ್ತಾನೆ. ಶಿಲುಬೆಯ ಮೇಲೆ, ಲೂಕನು ಬರೆದಿರುವ ಪ್ರಕಾರ, ಕೊನೆಯುಸಿರಿನಲ್ಲಿ ಯೇಸು ತನ್ನ ಆತ್ಮವನ್ನು ತಂದೆಯ ಕೈಗೆ ಒಪ್ಪಿಸುತ್ತಾನೆ. ಒಂದೇ ಕ್ರಿಯಾಪದ. ಒಬ್ಬ ಇನ್ನೊಬ್ಬನನ್ನು ಒಪ್ಪಿಸಿ ಕೈ ತೊಳೆದುಕೊಂಡ. ಇನ್ನೊಬ್ಬ ತನ್ನನ್ನೇ ಒಪ್ಪಿಸಿಕೊಂಡ. ಮಗುವಿನ ಜ್ವರ, ಗಂಡನ ಸಾಲ, ಮಗನ ಕುಡಿತ ಎಲ್ಲವನ್ನೂ ದೇವರಿಗೆ ಒಪ್ಪಿಸಿ ನಾವು ಸುಮ್ಮನೆ ಕೂತುಬಿಟ್ಟಾಗ ಆ ಇಬ್ಬರಲ್ಲಿ ಯಾರನ್ನು ಹೋಲುತ್ತೇವೆ ಎಂದು ಕೇಳಿಕೊಂಡರೆ ನನಗೆ ಭಯವಾಗುತ್ತದೆ.

ಮಳವಳ್ಳಿ ತಾಲ್ಲೂಕಿನಲ್ಲಿದ್ದ ನನ್ನ ಅಜ್ಜಿ ಓದು ಬರಹ ತಿಳಿದವಳಲ್ಲ. ದೀಪ ಆರಿಸುವ ಮುಂಚೆ ಮಂಡಿಯೂರಿ, ‘ನಿನ್ ಕೈಗೆ ಒಪ್ಸ್‌ಬುಟ್ಟಿವ್ನಿ ಕಣಪ್ಪಾ’ ಎನ್ನುತ್ತಿದ್ದಳು, ಅಷ್ಟೇ. ಒಂದು ಬೇಸಗೆಯಲ್ಲಿ ಎಮ್ಮೆ ಹಾಲು ಇಳಿಯಿತು. ಡೇರಿಗೆ ಕೊಡುವ ಹಾಲಿಗೆ ಒಂದು ಚೊಂಬು ನೀರು ಬೆರೆಸೋಣ ಎಂದ ಮಾವನಿಗೆ ಅವಳು ಹೇಳಿದ್ದು ಇದು: ‘ರಾತ್ರಿ ಒಪ್ಸುದ್ದ ಬೆಳಿಗ್ಗೆ ಎದ್ದು ವಾಪಸ್ ಇಸ್ಕಬೋದೇನ್ಲಾ?’ ಆ ತಿಂಗಳು ಮನೆಗೆ ಬಂದ ದುಡ್ಡು ಕಮ್ಮಿಯೇ. ನಾನಾಗ ಭಾನುವಾರದ ತರಗತಿಯಲ್ಲಿ ಜಪಗಳನ್ನು ಗಿಳಿಯಂತೆ ಒಪ್ಪಿಸಿ ಬಹುಮಾನ ಪಡೆಯುತ್ತಿದ್ದೆ. ಇಬ್ಬರೂ ಒಪ್ಪಿಸುತ್ತಿದ್ದೆವು, ಅವಳದು ಬದುಕು, ನನ್ನದು ಪಾಠ.

ಈ ಪದ ನೆನೆದಾಗಲೆಲ್ಲ ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಕಣ್ಣ ಮುಂದೆ ಬರುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಅಲ್ಲಿಗೆ ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ. ಇಲ್ಲಿಯವರ ಉಡುಗೆ ಉಟ್ಟರು, ಮಾಂಸ ಬಿಟ್ಟರು, ಇಲ್ಲಿಯ ಮಾತು ಕಲಿತರು. ಸಿಡುಬು ಊರೂರನ್ನೇ ನುಂಗುತ್ತಿದ್ದ ಕಾಲದಲ್ಲಿ, 1803-04ರಲ್ಲಿ, 25,432 ಜನರಿಗೆ ಲಸಿಕೆ ಹಾಕಿಸಿದ ಲೆಕ್ಕ ಅವರ ಹೆಸರಿನಲ್ಲಿದೆ. ಹೊಸದೊಂದು ಚುಚ್ಚುಮದ್ದಿಗೆ ತೋಳು ಚಾಚಲು ಅಂಜಿದವರನ್ನು ಒಪ್ಪಿಸಬೇಕಿತ್ತು. ನೋಡಿ, ಇಲ್ಲಿ ಪದಕ್ಕೆ ಇನ್ನೊಂದು ಅರ್ಥ: ಮನಸ್ಸು ಒಲಿಸುವುದು. ಒಪ್ಪದವರನ್ನು ಎಳೆದು ತರುವುದಕ್ಕೆ ಕನ್ನಡ ಒಪ್ಪಿಸು ಎನ್ನುವುದಿಲ್ಲ, ಬಲವಂತ ಎನ್ನುತ್ತದೆ.

ಮೂರು ದಶಕ ದುಡಿದ ದುಬುವಾ, ಮತ ಹರಡುವ ಕೆಲಸ ಇಲ್ಲಿ ಫಲ ಕೊಡಲಿಲ್ಲ ಎಂದು ತಾವೇ ಬರೆದರು. ಫಲ ಕಾಣದೆಯೂ ಅಷ್ಟು ಕಾಲ ಮುಂಜಾನೆ ಎದ್ದು ಕೆಲಸಕ್ಕೆ ಹೋದವರನ್ನು ಸೋತವರೆಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. 1823ರಲ್ಲಿ ಅವರು ಭಾರತ ಬಿಟ್ಟರು, 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಗಂಜಾಂನಲ್ಲಿ ಅವರ ಹೆಸರಿನಿಂದಲೇ ಕರೆಯುವ ಚರ್ಚು ಇದೆ. ಶ್ರೀರಂಗಪಟ್ಟಣಕ್ಕೆ ಹೋದಾಗ ಒಮ್ಮೆ ಅಲ್ಲಿಗೂ ಹೋಗಿ ಬನ್ನಿ.