ನೆಲ ಕಳೆದುಕೊಂಡ ಧರ್ಮಪ್ರಭುತ್ವ: ಬೈಲುಕುಪ್ಪೆ ಮತ್ತು ಗುರುಪುರದ ಟಿಬೆಟನ್ ನೆಲೆಗಳಲ್ಲಿ ಸ್ತ್ರೀಯರ ಹಕ್ಕುಗಳು

ಯುದ್ಧವೂ ಧರ್ಮಪ್ರಭುತ್ವವೂ, ಅಂದರೆ ಧಾರ್ಮಿಕ ಪೀಠವೇ ರಾಜ್ಯಾಧಿಕಾರವನ್ನೂ ಹೊಂದಿರುವ ಆಡಳಿತ ವ್ಯವಸ್ಥೆಯೂ, ಸ್ತ್ರೀಯರ ಹಕ್ಕುಗಳನ್ನು ಕುಗ್ಗಿಸುತ್ತವೆ ಎಂಬುದಕ್ಕೆ ಸಮಕಾಲೀನ ಇತಿಹಾಸದಲ್ಲಿ ಪುರಾವೆಗಳ ಕೊರತೆಯಿಲ್ಲ. 1979ರ ಕ್ರಾಂತಿಯ ಬೆನ್ನಿಗೇ ಇರಾನಿನಲ್ಲಿ 1967ರ ಕುಟುಂಬ ಸಂರಕ್ಷಣಾ ಕಾನೂನನ್ನು ಬದಿಗೆ ಸರಿಸಲಾಯಿತು. 2021ರ ಆಗಸ್ಟ್‌ನಲ್ಲಿ ಕಾಬೂಲನ್ನು ವಶಪಡಿಸಿಕೊಂಡ ತಾಲಿಬಾನ್ ಹೆಣ್ಣುಮಕ್ಕಳ ಪ್ರೌಢಶಾಲಾ ಶಿಕ್ಷಣವನ್ನು ತಡೆದು, 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲನ್ನೂ ಮುಚ್ಚಿತು. ಈ ಎರಡೂ ಕಡೆ ಧರ್ಮಪ್ರಭುತ್ವವು ಗೆದ್ದು ನೆಲವನ್ನು ಪಡೆದಿದೆ. ಯುದ್ಧದಲ್ಲಿ ಸೋತು, ನೆಲವನ್ನು ಕಳೆದುಕೊಂಡು, ಪರದೇಶದಲ್ಲಿ ನಿರಾಶ್ರಿತವಾಗಿ ಬದುಕಬೇಕಾದ ಧರ್ಮಪ್ರಭುತ್ವದಲ್ಲಿ ಸ್ತ್ರೀಯರ ಸ್ಥಿತಿ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ಮತ್ತು ಹುಣಸೂರು ತಾಲ್ಲೂಕುಗಳು ತಕ್ಕ ಕ್ಷೇತ್ರಗಳಾಗಿವೆ. ಬೈಲುಕುಪ್ಪೆಯ ಎರಡು ಟಿಬೆಟನ್ ನೆಲೆಗಳು ಮತ್ತು ಹುಣಸೂರಿನ ಗುರುಪುರದ ಬಳಿಯ ರಬ್ಗ್ಯೇಲಿಂಗ್ ನೆಲೆ ಆರು ದಶಕಗಳ ಅನುಭವವನ್ನು ಅಧ್ಯಯನಕ್ಕೆ ಒದಗಿಸುತ್ತವೆ. ಜೀವನೋಪಾಯ, ಶಾಲೆ ಮತ್ತು ಮತದಾನಗಳು ಮಠದ ನೇರ ಹಿಡಿತದಿಂದ ಹೊರಬಂದ ಕಡೆಗಳಲ್ಲಿ ಸ್ತ್ರೀಯರ ಹಕ್ಕು ಬೇಗನೆ ಬೆಳೆಯಿತೆಂದೂ, ಮಠದ ಒಳನಿಯಮವೇ ಕಾನೂನಾಗಿ ಉಳಿದ ಕಡೆ ಅದು ಅತಿ ನಿಧಾನವಾಗಿ ಸಾಗಿತೆಂದೂ ಈ ಲೇಖನ ವಾದಿಸುತ್ತದೆ.

ಹಳೆಯ ಟಿಬೆಟ್‌ನ ಪ್ರಭುತ್ವವು 1642ರಲ್ಲಿ ಐದನೆಯ ದಲೈ ಲಾಮಾ ಅವರ ಕಾಲದಲ್ಲಿ ನೆಲೆಗೊಂಡ ಗಾಂಡೆನ್ ಫೋಡ್ರಾಂಗ್ ಸರಕಾರವಾಗಿತ್ತು. ಧರ್ಮ ಮತ್ತು ರಾಜ್ಯಾಡಳಿತಗಳೆರಡೂ ಒಂದೇ ಪೀಠದಲ್ಲಿ ಕೂಡಿರಬೇಕೆಂಬುದು ಅದರ ತತ್ತ್ವ. ಅದಕ್ಕೆ ತಕ್ಕಂತೆ ಅಧಿಕಾರಿವರ್ಗವು ಸನ್ಯಾಸಿ ಅಧಿಕಾರಿಗಳು ಮತ್ತು ಶ್ರೀಮಂತ ಮನೆತನಗಳ ಗೃಹಸ್ಥ ಅಧಿಕಾರಿಗಳು ಎಂದು ಎರಡು ಪಂಗಡಗಳಾಗಿದ್ದು, ಎರಡರಲ್ಲಿಯೂ ಸ್ತ್ರೀಯರಿಗೆ ಸ್ಥಾನವಿರಲಿಲ್ಲ. ಆದರೂ ಮನೆಯ ಆಸ್ತಿಯನ್ನು ನಿರ್ವಹಿಸುವುದು, ವ್ಯಾಪಾರ ಮಾಡುವುದು, ಹೊಂದಾಣಿಕೆಯಾಗದ ಮದುವೆಯಿಂದ ಹೊರಬರುವುದು ಇವೆಲ್ಲ ಅಲ್ಲಿನ ಸ್ತ್ರೀಯರಿಗೆ ಸಾಧ್ಯವಿದ್ದವು. ಜಮೀನು ಹೋಳಾಗದಂತೆ ಅಣ್ಣತಮ್ಮಂದಿರು ಒಬ್ಬಳನ್ನೇ ಮದುವೆಯಾಗುವ ಬಹುಪತಿತ್ವವೂ ಭೂಮಿಯುಳ್ಳ ಕುಟುಂಬಗಳಲ್ಲಿ ರೂಢಿಯಲ್ಲಿತ್ತು. ಆದ್ದರಿಂದ ಹಳೆಯ ಟಿಬೆಟ್‌ನ ಸ್ತ್ರೀಯನ್ನು ಪೂರ್ಣ ಸ್ವತಂತ್ರಳೆಂದಾಗಲಿ ಪೂರ್ಣ ಅಧೀನಳೆಂದಾಗಲಿ ಚಿತ್ರಿಸುವ ಬರಹಗಳನ್ನು ಒಪ್ಪುವುದು ಕಷ್ಟ. ಮನೆ ಮತ್ತು ಸಂತೆಗಳಲ್ಲಿ ಆಕೆಗೆ ಸಾಕಷ್ಟು ಅವಕಾಶವಿತ್ತು. ರಾಜ್ಯ, ಶಾಸ್ತ್ರಾಧ್ಯಯನ ಮತ್ತು ಮಠದ ಉನ್ನತ ಪದವಿಗಳು ಆಕೆಯ ಕೈಗೆ ಎಟುಕುತ್ತಿರಲಿಲ್ಲ.

1950ರ ಅಕ್ಟೋಬರ್‌ನಲ್ಲಿ ಚೀನೀ ಸೇನೆ ಚಾಮ್ಡೊವನ್ನು ವಶಪಡಿಸಿಕೊಂಡದ್ದು, 1951ರ ಹದಿನೇಳು ಅಂಶಗಳ ಒಪ್ಪಂದ ಮತ್ತು 1959ರ ಮಾರ್ಚ್ 10ರಂದು ಲ್ಹಾಸಾದಲ್ಲಿ ಎದ್ದ ದಂಗೆ ಈ ಪ್ರಭುತ್ವವನ್ನು ಮುಗಿಸಿದ ಘಟನೆಗಳು. ದಂಗೆಯ ಮೂರನೆಯ ದಿನವಾದ ಮಾರ್ಚ್ 12ರಂದು ಸಾವಿರಾರು ಸ್ತ್ರೀಯರು ಪೊಟಾಲಾ ಅರಮನೆಯ ಕೆಳಗಿನ ಬಯಲಿನಲ್ಲಿ ಸೇರಿ ಪ್ರತಿಭಟಿಸಿದರು. ಆಡಳಿತದ ಯಾವ ಹುದ್ದೆಯನ್ನೂ ಹೊಂದಿರದವರು ರಾಜಕೀಯ ಸಮೂಹವಾಗಿ ಬೀದಿಗಿಳಿದ ಆ ದಿನವನ್ನೇ ಟಿಬೆಟನ್ ಮಹಿಳಾ ಸಂಘವು ತನ್ನ ಹುಟ್ಟಿನ ದಿನವೆಂದು ಗುರುತಿಸುತ್ತದೆ. ದೇಶಭ್ರಷ್ಟ ಸ್ಥಿತಿಯಲ್ಲಿ ಆ ಸಂಘವು 1984ರಲ್ಲಿ ಧರ್ಮಶಾಲಾದಲ್ಲಿ ಮತ್ತೆ ಕಟ್ಟಲ್ಪಟ್ಟಿತು. ಯುದ್ಧವು ಸ್ತ್ರೀಯರಿಗೆ ಉಂಟುಮಾಡಿದ ನಷ್ಟ, ಸೆರೆವಾಸ ಮತ್ತು ಸಾವುಗಳನ್ನು ಈ ಸಂಗತಿ ಹಗುರಗೊಳಿಸುವುದಿಲ್ಲ. ಆದರೆ ಸಾರ್ವಜನಿಕ ಜೀವನದಲ್ಲಿ ಸ್ಥಾನ ಕೇಳುವ ನೈತಿಕ ಬಲ ಅವರಿಗೆ ದೊರೆತದ್ದು ಈ ಹೋರಾಟದಿಂದಲೇ ಎಂಬುದನ್ನು ಮುಂದಿನ ಇತಿಹಾಸ ತೋರಿಸುತ್ತದೆ.

ಹೀಗೆ ನೆಲ ಕಳೆದುಕೊಂಡು ಭಾರತಕ್ಕೆ ಬಂದವರಿಗೆ ಮೈಸೂರು ರಾಜ್ಯ ಸರಕಾರವು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಗುರುತಿಸಿಕೊಟ್ಟ ಸುಮಾರು 3,000 ಎಕರೆ ಕಾಡುಭೂಮಿಯಲ್ಲಿ ಲುಗ್ಸುಂಗ್ ಸಮ್ಡುಪ್ಲಿಂಗ್ ಎಂಬ ಮೊದಲ ನೆಲೆ 1960ರ ಕೊನೆಯಲ್ಲಿ ಆರಂಭವಾಯಿತು. ಡಿಕ್ಯಿ ಲಾರ್ಸೊ 1969ರಲ್ಲಿಯೂ ಗುರುಪುರದ ರಬ್ಗ್ಯೇಲಿಂಗ್ 1970ರ ದಶಕದ ಆದಿಯಲ್ಲಿಯೂ ನೆಲೆಗೊಂಡವು. ಸುತ್ತಲಿನ ಹಳ್ಳಿಗಳ ಮಾತಿನಲ್ಲಿ ಇವೆಲ್ಲ ಇಂದಿಗೂ 'ಕ್ಯಾಂಪು'ಗಳು. ಈ ನಿರಾಶ್ರಿತರು ಬಂದು ತಲುಪಿದ ನೆಲವೂ ಸ್ತ್ರೀಯರ ಹಕ್ಕಿನ ಇತಿಹಾಸದಲ್ಲಿ ಸಾಮಾನ್ಯವಾದುದಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು: ಮೈಸೂರು ಸಂಸ್ಥಾನವು 1909ರಲ್ಲಿಯೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತ್ತು, ಮತ್ತು 1933ರ ಹಿಂದೂ ಕಾನೂನಿನ ಸ್ತ್ರೀಯರ ಹಕ್ಕುಗಳ ಅಧಿನಿಯಮದ ಮೂಲಕ ವಿಧವೆಯರಿಗೂ ಹೆಣ್ಣುಮಕ್ಕಳಿಗೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಪಾಲು ದೊರೆಯುವ ದಾರಿಯನ್ನು, ಬ್ರಿಟಿಷ್ ಇಂಡಿಯಾಕ್ಕಿಂತ ಮೊದಲೇ, ತೆರೆದಿತ್ತು. ಒಂದು ಧರ್ಮನಿಷ್ಠ ರಾಜಮನೆತನವೇ ಧಾರ್ಮಿಕ ರೂಢಿಯನ್ನು ಶಾಸನದಿಂದ ತಿದ್ದಿದ ಈ ಉದಾಹರಣೆಯು ಮುಂದಿನ ಚರ್ಚೆಗೆ ಉಪಯುಕ್ತವಾದ ಹೋಲಿಕೆಯನ್ನು ಒದಗಿಸುತ್ತದೆ.

ನೆಲೆಗಳಲ್ಲಿ ಜಮೀನನ್ನು ಮನೆತನದ ಹಿರಿಮೆಯ ಮೇಲೆ ಹಂಚದೆ ತಲೆಲೆಕ್ಕದಲ್ಲಿ, ಸುಮಾರು ಒಬ್ಬರಿಗೆ ಒಂದು ಎಕರೆಯಂತೆ, ಹಂಚಲಾಯಿತು. ಕುಟುಂಬದ ಪಾಲನ್ನು ಲೆಕ್ಕ ಹಾಕುವಾಗ ಹೆಣ್ಣೂ ಒಂದು ತಲೆಯೇ ಆಗಿತ್ತು. ಬಹುಪತಿತ್ವಕ್ಕೆ ಆಧಾರವಾಗಿದ್ದ ಪಿತ್ರಾರ್ಜಿತ ಭೂಮಿಯೇ ಇಲ್ಲವಾದ್ದರಿಂದ ಆ ಪದ್ಧತಿ ಯಾವ ನಿಷೇಧದ ಅಗತ್ಯವೂ ಇಲ್ಲದೆ ಸಡಿಲವಾಯಿತು. ಕಾಡು ಕಡಿದು ಮುಸುಕಿನ ಜೋಳ ಬೆಳೆಯುವ ದುಡಿಮೆಯಲ್ಲಿಯೂ, ಕೈಮಗ್ಗದ ರತ್ನಗಂಬಳಿ ಕೇಂದ್ರಗಳಲ್ಲಿಯೂ, ಚಳಿಗಾಲದಲ್ಲಿ ದೂರದ ನಗರಗಳ ಫುಟ್‌ಪಾತ್‌ಗಳಲ್ಲಿ ನಡೆಯುವ ಸ್ವೆಟರ್ ವ್ಯಾಪಾರದಲ್ಲಿಯೂ ಸ್ತ್ರೀಯರ ಪಾಲು ದೊಡ್ಡದಾಗಿತ್ತು. ಆದರೆ ಆ ಭೂಮಿಗೆ ವ್ಯಕ್ತಿಗತ ಹಕ್ಕುಪತ್ರವಿರಲಿಲ್ಲ. ಅದು ನಿರಾಶ್ರಿತರಿಗೆಂದು ಕಾಯ್ದಿಟ್ಟ, ಗುತ್ತಿಗೆಯ ಸ್ವರೂಪದ ನೆಲ. ಹೀಗಾಗಿ ಸ್ತ್ರೀಪುರುಷರಿಬ್ಬರೂ ಸಮಾನವಾಗಿ ಉಳುವವರಾದರು ಮತ್ತು ಅಷ್ಟೇ ಸಮಾನವಾಗಿ ಒಡೆತನವಿಲ್ಲದವರಾಗಿ ಉಳಿದರು. ಇದೇ ಹೊಲಗಳಲ್ಲಿ ಕೂಲಿಗೆ ಬರುವ ಪಿರಿಯಾಪಟ್ಟಣ ಮತ್ತು ಹುಣಸೂರು ಕಡೆಯ ಕನ್ನಡದ ಹೆಣ್ಣುಮಕ್ಕಳ ದುಡಿಮೆಯನ್ನು ನಿರಾಶ್ರಿತರ ಇತಿಹಾಸ ಬರೆದವರು ಹೆಚ್ಚು ಗಮನಿಸಿಲ್ಲ. ಎರಡು ಸಮುದಾಯಗಳ ಸ್ತ್ರೀಯರ ಆರ್ಥಿಕ ಸಂಬಂಧವು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ರಾಜಕೀಯ ಹಕ್ಕಿನ ಬದಲಾವಣೆ ಮೇಲಿನಿಂದ ಬಂದಿತು. 1960ರ ಸೆಪ್ಟೆಂಬರ್ 2ರಂದು ದೇಶಭ್ರಷ್ಟ ಟಿಬೆಟನ್ನರ ಮೊದಲ ಜನಪ್ರತಿನಿಧಿಗಳು ಅಧಿಕಾರ ಸ್ವೀಕರಿಸಿದರು. 1963ರ ಮಾರ್ಚ್ 10ರಂದು ಭವಿಷ್ಯದ ಟಿಬೆಟ್‌ಗೆ ಒಂದು ಸಂವಿಧಾನವನ್ನು ದಲೈ ಲಾಮಾ ಪ್ರಕಟಿಸಿದರು. 1991ರ ಸನ್ನದು, ಅಂದರೆ ದೇಶಭ್ರಷ್ಟ ಆಡಳಿತದ ಮೂಲ ಕಾನೂನು, ಲಿಂಗಭೇದವಿಲ್ಲದ ಸಮಾನತೆಯನ್ನು ಸ್ಪಷ್ಟವಾಗಿ ಸಾರಿತು. ನೆಲವನ್ನು ಕಳೆದುಕೊಂಡ ಪ್ರಭುತ್ವವು ಜಗತ್ತಿನೆದುರು ತನ್ನ ನ್ಯಾಯಬದ್ಧತೆಯನ್ನು ಸ್ಥಾಪಿಸಲು ಚುನಾವಣೆ ಮತ್ತು ಹಕ್ಕುಗಳ ಭಾಷೆಯನ್ನು ಆರಿಸಿಕೊಳ್ಳಬೇಕಾಯಿತು ಎಂಬ ವಿವರಣೆಯಲ್ಲಿ ತಥ್ಯವಿದೆ. ಹದಿನಾಲ್ಕನೆಯ ದಲೈ ಲಾಮಾ ಅವರ ವೈಯಕ್ತಿಕ ಸಂಕಲ್ಪವನ್ನೂ ಅದರೊಂದಿಗೆ ಸೇರಿಸದಿದ್ದರೆ ಆ ವಿವರಣೆ ಅಪೂರ್ಣವಾಗುತ್ತದೆ. 1990ರಲ್ಲಿ ಜೆಟ್ಸುನ್ ಪೆಮಾ ಮೊದಲ ಮಹಿಳಾ ಸಚಿವೆಯಾದರು, ಮತ್ತು 2011ರಲ್ಲಿ ದಲೈ ಲಾಮಾ ತಮ್ಮ ರಾಜಕೀಯ ಅಧಿಕಾರವನ್ನು ಚುನಾಯಿತ ನಾಯಕನಿಗೆ ಬಿಟ್ಟುಕೊಟ್ಟಾಗ ಪೀಠ ಮತ್ತು ಪ್ರಭುತ್ವಗಳ ಹಳೆಯ ಬೆಸುಗೆ ಕಾನೂನಿನ ಮಟ್ಟಿಗೆ ಬಿಡಿಸಿಹೋಯಿತು.

ದೇಶಭ್ರಷ್ಟ ಸಂಸತ್ತಿನ ರಚನೆಯಲ್ಲಿ ಮಾತ್ರ ಆ ಬೆಸುಗೆಯ ಗುರುತು ಉಳಿದಿದೆ. ಟಿಬೆಟ್‌ನ ಮೂರು ಪ್ರಾಂತ್ಯಗಳಿಗೆ ತಲಾ 10 ಸ್ಥಾನಗಳಿದ್ದು ಪ್ರತಿಯೊಂದರಲ್ಲಿ ಕನಿಷ್ಠ ಎರಡು ಸ್ತ್ರೀಯರಿಗೆ ಮೀಸಲಾಗಿವೆ. ಇವುಗಳ ಜೊತೆಗೆ ನಾಲ್ಕು ಬೌದ್ಧ ಪರಂಪರೆಗಳಿಗೂ ಬೊನ್ ಧರ್ಮಕ್ಕೂ ತಲಾ ಎರಡು ಸ್ಥಾನಗಳಿವೆ. ದೀಕ್ಷಿತರು ಪ್ರಾಂತ್ಯಕ್ಕೊಂದು, ಪರಂಪರೆಗೊಂದು ಎಂದು ಎರಡು ಮತ ಹಾಕುತ್ತಾರೆ. ಸೆರಾ, ಟಾಶಿ ಲ್ಹುನ್ಪೊ, ನಾಮ್ಡ್ರೋಲಿಂಗ್‌ನಂತಹ ದೊಡ್ಡ ವಿಹಾರಗಳಿರುವ ಬೈಲುಕುಪ್ಪೆಯಲ್ಲಿ ಇದರ ಅರ್ಥ ಸರಳ: ಸನ್ಯಾಸಿನಿಯರಿಗೂ ಎರಡು ಮತವಿದ್ದರೂ, ದೀಕ್ಷಿತರಲ್ಲಿ ಬಹುಸಂಖ್ಯಾತರು ಪುರುಷರಾದ್ದರಿಂದ, ಧರ್ಮದ ಹೆಸರಿನ ಹೆಚ್ಚುವರಿ ಮತದ ಬಹುಪಾಲು ಪುರುಷರದ್ದೇ ಆಗುತ್ತದೆ. ಮೀಸಲಾತಿಯಿಂದ ಸ್ತ್ರೀಯರಿಗೆ ದೊರೆತ ತೂಕವನ್ನು ಈ ವ್ಯವಸ್ಥೆಯು ಇನ್ನೊಂದು ಕಡೆಯಿಂದ ಇಳಿಸುತ್ತದೆ; ಇದನ್ನು ಪ್ರಜಾಪ್ರಭುತ್ವದ ಸಣ್ಣ ಲೋಪವೆಂದು ಬಿಟ್ಟುಬಿಡುವುದು ಸರಿಯಾಗಲಾರದು.

ಮಠದ ಒಳಗಿನ ಹಕ್ಕಿನ ಪ್ರಶ್ನೆಗೆ ಹೆಚ್ಚು ವಿವರ ಬೇಕು. ಬೌದ್ಧ ದೀಕ್ಷೆಯಲ್ಲಿ ಶ್ರಾಮಣೇರ, ಅಂದರೆ ಆರಂಭಿಕ, ಮತ್ತು ಉಪಸಂಪದೆ, ಅಂದರೆ ಪೂರ್ಣ, ಎಂಬ ಎರಡು ಮುಖ್ಯ ಹಂತಗಳಿದ್ದು, ಪೂರ್ಣದೀಕ್ಷೆ ಪಡೆದ ಸ್ತ್ರೀಯನ್ನು ಭಿಕ್ಷುಣಿ ಎನ್ನುತ್ತಾರೆ. ಟಿಬೆಟನ್ ಸಂಘವು ಅನುಸರಿಸುವ ಮೂಲಸರ್ವಾಸ್ತಿವಾದ ವಿನಯದ ಪ್ರಕಾರ, ವಿನಯವೆಂದರೆ ಸಂಘದ ನಡವಳಿಕೆಯ ಶಾಸ್ತ್ರ, ಸ್ತ್ರೀಗೆ ಪೂರ್ಣದೀಕ್ಷೆ ಕೊಡಲು ಭಿಕ್ಷುಗಳ ಜೊತೆಗೆ ಭಿಕ್ಷುಣಿಯರ ಸಂಘವೂ ಇರಬೇಕು. ಆ ಪರಂಪರೆಯ ಭಿಕ್ಷುಣಿ ಸಂಘ ಟಿಬೆಟ್‌ನಲ್ಲಿ ನೆಲೆಯೂರಲೇ ಇಲ್ಲ. ದೀಕ್ಷೆ ಕೊಡುವ ಭಿಕ್ಷುಣಿಯರಿಲ್ಲದ ಕಾರಣ ಹೊಸ ಭಿಕ್ಷುಣಿಯರಿಲ್ಲ, ಹೊಸ ಭಿಕ್ಷುಣಿಯರಿಲ್ಲದ ಕಾರಣ ದೀಕ್ಷೆ ಕೊಡುವವರೂ ಇಲ್ಲ. ಬೈಲುಕುಪ್ಪೆಯಲ್ಲಿ ನಾಮ್ಡ್ರೋಲಿಂಗ್‌ಗೆ ಸೇರಿದ ತ್ಸೋಗ್ಯಾಲ್ ಶೆದ್ರುಬ್ ದರ್ಗ್ಯೇಲಿಂಗ್ ಮಠದಲ್ಲಿ ಓದುತ್ತಿರುವ ಸನ್ಯಾಸಿನಿಯರ ದೀಕ್ಷಾಸ್ಥಾನವನ್ನು ನಿರ್ಧರಿಸುವುದು ಈ ವರ್ತುಲವೇ.

ಇದರ ಪರಿಣಾಮ ವಿದ್ಯೆಯ ಮೇಲೂ ಆಯಿತು. ಗೆಲುಗ್ ಪರಂಪರೆಯ ಅತ್ಯುನ್ನತ ಶಾಸ್ತ್ರಪದವಿಯಾದ ಗೆಶೆಯ ಪಠ್ಯದಲ್ಲಿ ವಿನಯವೂ ಒಂದು ಕಡ್ಡಾಯ ವಿಷಯ; ಪೂರ್ಣದೀಕ್ಷೆ ಇಲ್ಲದವರು ವಿನಯವನ್ನು ಸಂಪೂರ್ಣವಾಗಿ ಓದುವಂತಿಲ್ಲ ಎಂಬ ನಂಬಿಕೆ ಸ್ತ್ರೀಯರನ್ನು ಪದವಿಯಿಂದ ದೂರವಿಟ್ಟಿತ್ತು. ಈ ತಡೆಯನ್ನು ಅಲುಗಾಡಿಸಿದ ಒತ್ತಡದ ಮೂಲವೂ ಯುದ್ಧೋತ್ತರ ದಮನವೇ. 1987ರ ನಂತರ ಲ್ಹಾಸಾದ ಪ್ರತಿಭಟನೆಗಳಲ್ಲಿ ಸನ್ಯಾಸಿನಿಯರು ಮುಂದೆ ನಿಂತು ಸೆರೆಮನೆ ಸೇರಿದರು. 1993ರಲ್ಲಿ ದ್ರಾಪ್ಚಿ ಸೆರೆಮನೆಯಲ್ಲಿ 14 ಸನ್ಯಾಸಿನಿಯರು ಗುಟ್ಟಾಗಿ ಹಾಡುಗಳನ್ನು ಧ್ವನಿಮುದ್ರಿಸಿ ಹೊರಗೆ ಕಳುಹಿಸಿ, ಅದಕ್ಕಾಗಿ ಹೆಚ್ಚುವರಿ ಶಿಕ್ಷೆ ಅನುಭವಿಸಿದರು. ಗಡಿ ದಾಟಿ ಭಾರತಕ್ಕೆ ಬಂದ ಸನ್ಯಾಸಿನಿಯರಿಗೆ ಆಶ್ರಯವೂ ಓದೂ ಬೇಕಾದಾಗ ಮಹಿಳಾ ಸಂಘದ ಮುಂದಾಳತ್ವದಲ್ಲಿ ಟಿಬೆಟನ್ ಸನ್ಯಾಸಿನಿಯರ ಯೋಜನೆ ಆರಂಭವಾಯಿತು. 1995ರಿಂದ ಮಠಗಳ ನಡುವೆ ಸನ್ಯಾಸಿನಿಯರ ವಾರ್ಷಿಕ ಶಾಸ್ತ್ರಚರ್ಚೆ ನಡೆಯತೊಡಗಿತು. 2012ರಲ್ಲಿ ಗೆಶೆಯ ಸ್ತ್ರೀರೂಪವಾದ ಗೆಶೆಮಾ ಪದವಿಗೆ ಒಪ್ಪಿಗೆ ದೊರೆಯಿತು. 17 ವರ್ಷಗಳ ಓದು ಮತ್ತು ಅದರ ಮೇಲೆ ನಾಲ್ಕು ವರ್ಷಗಳ ಪರೀಕ್ಷೆಗಳನ್ನು ಮುಗಿಸಿದ ಮೊದಲ 20 ಸನ್ಯಾಸಿನಿಯರಿಗೆ 2016ರ ಡಿಸೆಂಬರ್ 22ರಂದು ಕರ್ನಾಟಕದ ಮುಂಡಗೋಡಿನ ಡ್ರೆಪುಂಗ್ ವಿಹಾರದಲ್ಲಿ ದಲೈ ಲಾಮಾ ಅವರೇ ಪದವಿ ಪ್ರದಾನ ಮಾಡಿದರು. ಟಿಬೆಟ್‌ನಲ್ಲಿ ಶತಮಾನಗಳ ಕಾಲ ಆಗದಿದ್ದುದು ಕನ್ನಡ ನಾಡಿನ ಒಂದು ತಾಲ್ಲೂಕು ಕೇಂದ್ರದ ಸಮೀಪದಲ್ಲಿ ಆಯಿತೆಂಬುದು ಈ ನಾಡಿನ ವಿದ್ಯಾಚರಿತ್ರೆಯಲ್ಲಿಯೂ ದಾಖಲಾಗಬೇಕಾದ ಘಟನೆ.

ಪೂರ್ಣದೀಕ್ಷೆಯ ವಿಷಯದಲ್ಲಿ ಇಂತಹ ನಿರ್ಣಯ ಆಗಿಲ್ಲ. ಚೀನಾ, ಕೊರಿಯಾ ಮತ್ತು ತೈವಾನ್‌ಗಳಲ್ಲಿ ಧರ್ಮಗುಪ್ತಕ ವಿನಯದ ಭಿಕ್ಷುಣಿ ಪರಂಪರೆ ಜೀವಂತವಿದ್ದು, ಅದರ ನೆರವಿನಿಂದ ಟಿಬೆಟನ್ ಸ್ತ್ರೀಯರಿಗೆ ದೀಕ್ಷೆ ಕೊಡಬಹುದೇ ಎಂಬುದನ್ನು 2007ರಲ್ಲಿ ಹ್ಯಾಂಬರ್ಗ್‌ನ ಅಂತರರಾಷ್ಟ್ರೀಯ ಸಮ್ಮೇಳನ ವಿವರವಾಗಿ ಚರ್ಚಿಸಿತು. ತಾನು ಒಬ್ಬನೇ ತೀರ್ಮಾನಿಸಲಾಗದು, ಸಂಘದ ಒಮ್ಮತ ಬೇಕು ಎಂಬುದು ದಲೈ ಲಾಮಾ ಅವರ ನಿಲುವು. ಶಾಸ್ತ್ರದ ದೃಷ್ಟಿಯಿಂದ ಇದು ಸರಿಯೇ; ಆದರೆ ಒಮ್ಮತ ನೀಡಬೇಕಾದ ಹಿರಿಯ ಸಂಘವು ಭಿಕ್ಷುಗಳಿಂದಲೇ ತುಂಬಿರುವಾಗ, ಯಾರ ಹಕ್ಕಿನ ವಿಚಾರಣೆ ನಡೆಯುತ್ತಿದೆಯೋ ಅವರಿಗೆ ತೀರ್ಪಿನಲ್ಲಿ ಧ್ವನಿಯಿಲ್ಲದಂತಾಗುತ್ತದೆ. 2022ರ ಜೂನ್‌ನಲ್ಲಿ ಭೂತಾನಿನ ಪ್ರಧಾನ ಮಠಾಧಿಪತಿಗಳಾದ ಜೆ ಖೆನ್ಪೊ ಅವರು 144 ಸ್ತ್ರೀಯರಿಗೆ ಪೂರ್ಣದೀಕ್ಷೆ ನೀಡಿದ ಮೇಲೆ, ಅದೇ ವಿನಯವನ್ನು ಪಾಲಿಸುವ ಟಿಬೆಟನ್ ವಿಹಾರಗಳಲ್ಲಿ ಇದು ಅಸಾಧ್ಯವೆಂದು ಹೇಳುವುದು ಮೊದಲಿಗಿಂತ ಕಠಿಣವಾಗಿದೆ.

ಮಠದ ಹೊರಗಿನ ಗೃಹಸ್ಥ ಸ್ತ್ರೀಯ ಹಕ್ಕಿಗೆ ಇಂದು ಮಿತಿ ಹಾಕುತ್ತಿರುವುದು ಮುಖ್ಯವಾಗಿ ಪೌರತ್ವದ ಕಾನೂನು. ಭಾರತದ ಪೌರತ್ವ ಅಧಿನಿಯಮದಂತೆ 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಈ ನಿಯಮ ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂಬುದನ್ನು ನಾಮ್ಗ್ಯಾಲ್ ಡೋಲ್ಕರ್ ಎಂಬ ಯುವತಿ ಹೂಡಿದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2010ರ ಡಿಸೆಂಬರ್ 22ರಂದು ಎತ್ತಿಹಿಡಿಯಿತು, ಕರ್ನಾಟಕ ಹೈಕೋರ್ಟ್ 2013ರಲ್ಲಿ ಅದೇ ಹಾದಿಯಲ್ಲಿ ತೀರ್ಪು ನೀಡಿತು. 1987ರ ನಂತರ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಇಬ್ಬರಲ್ಲಿ ಒಬ್ಬರು ಪೌರರಾಗಿದ್ದರೆ ಸಾಕಿತ್ತು. ತಾಯಿಯ ಮೂಲಕವೂ ಪೌರತ್ವ ಇಳಿದುಬರುವ ಈ ಸಮಾನತೆಗೆ 2004ರ ಡಿಸೆಂಬರ್ ನಂತರದ ಜನನಗಳಲ್ಲಿ, ಇನ್ನೊಬ್ಬ ಪೋಷಕ ಅಕ್ರಮ ವಲಸಿಗನಾಗಿರಬಾರದೆಂಬ ಷರತ್ತು ಸೇರಿತು. 2017ರಲ್ಲಿ ವಿದೇಶಾಂಗ ಸಚಿವಾಲಯವು ಪಾಸ್‌ಪೋರ್ಟ್ ಬಯಸುವ ಟಿಬೆಟನ್ನರು ತಮ್ಮ ನೋಂದಣಿ ಪತ್ರವನ್ನು ಹಿಂದಿರುಗಿಸಬೇಕೆಂದೂ ನಿಗದಿತ ನೆಲೆಗಳಲ್ಲಿ ವಾಸಿಸಬಾರದೆಂದೂ ಸೂಚಿಸಿತು. ಮನೆ, ಮಕ್ಕಳ ಶಾಲೆ, ವಯಸ್ಸಾದ ತಂದೆತಾಯಿ ಮತ್ತು ತಲೆಲೆಕ್ಕದ ಹೊಲದ ಪಾಲು ಎಲ್ಲವೂ ಬೈಲುಕುಪ್ಪೆಯಲ್ಲೋ ಗುರುಪುರದಲ್ಲೋ ಇರುವ ಸ್ತ್ರೀಗೆ ಈ ಷರತ್ತು ಪುರುಷನಿಗಿಂತ ಭಾರವಾಗಿ ತಾಗುತ್ತದೆ, ಏಕೆಂದರೆ ಆರೈಕೆಯ ಹೊಣೆ ಅಲ್ಲಿಯೂ ಆಕೆಯದೇ ಆಗಿದೆ. ಭಾರತ ಸರಕಾರದ 2014ರ ಟಿಬೆಟನ್ ಪುನರ್ವಸತಿ ನೀತಿಯು ಭೂಮಿಯ ಗುತ್ತಿಗೆಗೂ ಕಲ್ಯಾಣ ಯೋಜನೆಗಳಿಗೂ ಏಕರೂಪದ ಚೌಕಟ್ಟನ್ನು ಒದಗಿಸಿದ್ದು, ಗುತ್ತಿಗೆಯ ದಾಖಲೆಗಳಲ್ಲಿ ಸ್ತ್ರೀಯರ ಹೆಸರನ್ನು ಪ್ರತ್ಯೇಕವಾಗಿ ನಮೂದಿಸುವ ಕೆಲಸವನ್ನು ಈ ಚೌಕಟ್ಟಿನೊಳಗೇ, ಪೌರತ್ವದ ತೀರ್ಮಾನಕ್ಕೆ ಕಾಯದೆ, ರಾಜ್ಯದ ಕಂದಾಯ ಇಲಾಖೆಯೂ ನೆಲೆಗಳ ಆಡಳಿತವೂ ಕೂಡಿ ಮಾಡಬಹುದಾಗಿದೆ.